ರೇಡಿಯೋ ಕರಕರ ಎಂದರೆ ಕೆಟ್ಟಿತೆಂದಲ್ಲ: ಕಿಲುಬಿನ ಕಾರಣ ಮತ್ತು ಹತೋಟಿ ಕ್ರಮ

ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡಲು ಯೂರಿಯಾ ತಂದಿಟ್ಟಿದ್ದೀರಿ. ಅದನ್ನು ನಾಳೆಯೇ ಕೊಡಬೇಕೋ, ಎರಡು ದಿನ ತಡೆಯಬೇಕೋ ಎಂಬುದು ಮಳೆಯನ್ನು ಅವಲಂಬಿಸಿದೆ. ಹದವಾದ ಮಳೆ ಬಂದರೆ ಗೊಬ್ಬರ ಬೇರಿಗೆ ಇಳಿಯುತ್ತದೆ. ಭಾರಿ ಮಳೆ ಬಂದರೆ ಕೊಟ್ಟದ್ದೆಲ್ಲ ಕೊಚ್ಚಿಹೋಗುತ್ತದೆ. ಸಂಜೆ ಹವಾಮಾನ ಮುನ್ಸೂಚನೆ ಬರುವ ಹೊತ್ತಿಗೆ ಸರಿಯಾಗಿ ಮನೆಯ ರೇಡಿಯೋ ಕರಕರ ಎನ್ನತೊಡಗುತ್ತದೆ. ‘ಭಾರಿ ಮಳೆ’ ಎಂದರೋ, ‘ಮಳೆಯ ಸಂಭವವಿಲ್ಲ’ ಎಂದರೋ ತಿಳಿಯದೆ ಹೋಗುತ್ತದೆ. ಹೀಗೆ ಎರಡು ಸಲ ಆದ ಮೇಲೆ ಪೆಟ್ಟಿಗೆ ಅಟ್ಟ ಸೇರುತ್ತದೆ.

ಹೀಗೆ ಅಟ್ಟ ಸೇರಿದ ರೇಡಿಯೋಗಳಲ್ಲಿ ಅನೇಕವು ಕೆಟ್ಟಿರುವುದೇ ಇಲ್ಲ. ಅವುಗಳ ಒಳಗಿನ ಲೋಹದ ಸಂಪರ್ಕಗಳಿಗೆ ಧೂಳು ಮತ್ತು ಕಿಲುಬು ಹಿಡಿದಿರುತ್ತದೆ, ಅಷ್ಟೆ. ಸರಿಯಾದ ವಸ್ತುವನ್ನು ಸರಿಯಾದ ಪ್ರಮಾಣದಲ್ಲಿ ಬಳಸಿ ಇದನ್ನು ಮನೆಯಲ್ಲಿಯೇ ಅರ್ಧ ಗಂಟೆಯಲ್ಲಿ ಶುಚಿ ಮಾಡಬಹುದು. ತಪ್ಪು ವಸ್ತುವನ್ನು ಬಳಸಿದರೆ ಮಾತ್ರ, ಚೆನ್ನಾಗಿರುವ ಪೆಟ್ಟಿಗೆಯೂ ನಿಜವಾಗಿಯೇ ಕೆಡುತ್ತದೆ.

ಬೇಸಾಯಶಾಸ್ತ್ರದವರಿಗೆ ರೇಡಿಯೋದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ನಾಡಿನ ಬೇಸಾಯಕ್ಕೂ ಬಾನುಲಿಗೂ ಹಳೆಯ ನಂಟಿದೆ. ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. 1960ರ ದಶಕದಲ್ಲಿ ನೆರೆಯ ತಂಜಾವೂರು ಸೀಮೆಯ ರೈತರು ಎ.ಡಿ.ಟಿ. 27 ಎಂಬ ಭತ್ತದ ತಳಿಯ ವಿಷಯವನ್ನು ಬಾನುಲಿಯಲ್ಲಿ ಕೇಳಿ ಬೆಳೆದುದರಿಂದ ಅದಕ್ಕೆ ‘ರೇಡಿಯೋ ಭತ್ತ’ ಎಂದೇ ಹೆಸರಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 2007ರಲ್ಲಿ ತನ್ನದೇ ಆದ ಸಮುದಾಯ ಬಾನುಲಿ ಕೇಂದ್ರವನ್ನು ತೆರೆಯಿತು. ಇಂದು ಕೈಯಲ್ಲಿ ಮೊಬೈಲು ಇದೆ, ನಿಜ. ಆದರೆ ಗಾಳಿಮಳೆಗೆ ಕರೆಂಟು ಹೋಗಿ ಟವರೂ ನಿಂತ ದಿನ ಮಾತನಾಡುವುದು ಸೆಲ್ಲು ಹಾಕಿದ ರೇಡಿಯೋ ಒಂದೇ. ಅಂಥ ದಿನಗಳಲ್ಲಿಯೇ ಮುನ್ಸೂಚನೆ ಬಹಳ ಬೇಕಾಗುವುದು.

ಕಿಲುಬು ಹೇಗೆ ಅಡ್ಡಿ ಮಾಡುತ್ತದೆ?

ಉತ್ತ ಹೊಲದ ಮೇಲೆ ಒಂದು ಹಲಗೆ ಇಟ್ಟರೆ ಅದು ನೆಲವನ್ನೆಲ್ಲ ಮುಟ್ಟುವುದಿಲ್ಲ. ಎತ್ತರದ ನಾಲ್ಕಾರು ಹೆಂಟೆಗಳ ಮೇಲೆ ನಿಲ್ಲುತ್ತದೆ. ಲೋಹವೂ ಹಾಗೆಯೇ. ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹದ ತಗಡುಗಳು ಒಂದನ್ನೊಂದು ಒತ್ತಿದಾಗ ನಿಜವಾಗಿ ಮುಟ್ಟುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ. ವಿದ್ಯುತ್ತು ಹರಿಯುವುದು ಆ ಬಿಂದುಗಳ ಮೂಲಕವೇ. ಅಲ್ಲಿ ಧೂಳಿನ ಕಣವೋ ಕಿಲುಬಿನ ಪೊರೆಯೋ ಕುಳಿತರೆ ದಾರಿ ಮುಚ್ಚಿದಂತೆಯೇ.

ಪಂಪ್‌ಸೆಟ್ಟಿನ ಸ್ಟಾರ್ಟರಿನಲ್ಲಿ 415 ವೋಲ್ಟ್ ವಿದ್ಯುತ್ತು ಇರುತ್ತದೆ. ಆ ಬಲಕ್ಕೆ ತೆಳುವಾದ ಪೊರೆ ತಡೆಯಾಗದು. ಆದುದರಿಂದ ಸ್ಟಾರ್ಟರಿನ ಬೆಳ್ಳಿಯ ತುದಿಗಳು ಕಪ್ಪಾಗಿದ್ದರೂ ಕೆಲಸ ಮಾಡುತ್ತವೆ. ಕಪ್ಪು ಕಂಡ ಮಾತ್ರಕ್ಕೆ ಅವುಗಳಿಗೆ ಅರ ಹಾಕುವುದು ಬೆಳ್ಳಿಯನ್ನು ಕಳೆದುಕೊಂಡಂತೆ. ರೇಡಿಯೋದ ಸ್ಥಿತಿ ಬೇರೆ. ಅದರ ಒಂದು ಸೆಲ್ಲಿನ ಬಲ 1.5 ವೋಲ್ಟ್ ಮಾತ್ರ. ಧ್ವನಿಯನ್ನು ಹೊತ್ತು ಸಾಗುವ ವಿದ್ಯುತ್ತಿನ ಬಲವಂತೂ ಕೆಲವೆಡೆ ಒಂದು ವೋಲ್ಟಿನ ಸಾವಿರದ ಕೆಲವು ಭಾಗಗಳಷ್ಟೇ. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೂ ಅದಕ್ಕೆ ಗೋಡೆಯೇ ಸರಿ.

ವಾಲ್ಯೂಂ ಗುಂಡಿಯ ರಚನೆಯನ್ನು ತಿಳಿದರೆ ಕರಕರ ಸದ್ದು ಎಲ್ಲಿಂದ ಬರುತ್ತದೆಂಬುದು ಅರ್ಥವಾಗುತ್ತದೆ. ಗುಂಡಿಯ ಹಿಂದಿನ ಡಬ್ಬಿಯೊಳಗೆ ಕುದುರೆ ಲಾಳದ ಆಕಾರದ ಪಟ್ಟಿಯೊಂದು ಇದ್ದು, ಅದಕ್ಕೆ ಇಂಗಾಲವನ್ನು ಲೇಪಿಸಿರುತ್ತಾರೆ. ಗುಂಡಿ ತಿರುಗಿದಂತೆ ಲೋಹದ ಸಣ್ಣ ನಾಲಿಗೆಯೊಂದು ಆ ಪಟ್ಟಿಯ ಮೇಲೆ ಸರಿಯುತ್ತದೆ. ಪಟ್ಟಿಯ ಮೇಲೆ ಧೂಳು, ಸವೆದ ಇಂಗಾಲದ ಪುಡಿ ಅಥವಾ ಒಣಗಿದ ಗ್ರೀಸು ಇದ್ದರೆ ನಾಲಿಗೆ ಎದ್ದು ಬೀಳುತ್ತದೆ. ಪ್ರತಿ ಸಲ ಎದ್ದಾಗಲೂ ಸಂಪರ್ಕ ತಪ್ಪಿ ಒಂದು ‘ಕರ್’ ಎಂಬ ಸದ್ದು ಕೇಳುತ್ತದೆ.

ರೈತರ ಮನೆಯಲ್ಲಿ ಈ ತೊಂದರೆ ಹೆಚ್ಚೇಕೆ?

ಪಟ್ಟಣದ ಮನೆಗಿಂತ ರೈತರ ಮನೆಯಲ್ಲಿ ಲೋಹಕ್ಕೆ ಶತ್ರುಗಳು ಹೆಚ್ಚು. ಮುಖ್ಯವಾದವು ಇವು:

1. ಅಮೋನಿಯಾ: ದನದ ಗಂಜಲದಿಂದ ಏಳುವ ಅಮೋನಿಯಾ ಅನಿಲವು ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದುದೂ, ಲಾಯದ ಅಮೋನಿಯಾ ಮಳೆಗಾಲದ ತೇವದೊಡನೆ ಸೇರಿ ಹಿತ್ತಾಳೆಯನ್ನು ಸೀಳುತ್ತಿದ್ದುದೂ 1921ರಲ್ಲಿ ಸ್ಪಷ್ಟವಾಯಿತು. ಕೊಟ್ಟಿಗೆಯ ಗೋಡೆಗೆ ನೇತುಹಾಕಿದ ರೇಡಿಯೋದ ಹಿತ್ತಾಳೆ ಭಾಗಗಳ ಪಾಡೂ ಇಂಥದೇ.

2. ಗಂಧಕ: ಬೂದಿರೋಗಕ್ಕೆಂದು ತಂದ ಗಂಧಕದ ಪುಡಿ ಮತ್ತು ಗೋಬರ್ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪಾಗಿಸುತ್ತವೆ. ರೇಡಿಯೋದ ಕೆಲವು ಸ್ವಿಚ್ಚುಗಳಿಗೆ ಬೆಳ್ಳಿಯ ಲೇಪವಿರುತ್ತದೆ.

3. ರಸಗೊಬ್ಬರ: ಯೂರಿಯಾ ಮೊದಲಾದ ಗೊಬ್ಬರಗಳು ಗಾಳಿಯ ತೇವವನ್ನು ಹೀರುತ್ತವೆ. ಅವುಗಳ ಧೂಳು ಲೋಹದ ಮೇಲೆ ಕುಳಿತರೆ ಅಲ್ಲಿ ಸದಾ ಪಸೆ ನಿಲ್ಲುತ್ತದೆ.

4. ಮೈಲುತುತ್ತ: ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದೆಂಬುದು ಅಡಕೆ ಬೆಳೆಗಾರರಿಗೆಲ್ಲ ತಿಳಿದದ್ದೇ. ಮೈಲುತುತ್ತ ಕಬ್ಬಿಣವನ್ನು ತಿಂದು ಅದರ ಮೇಲೆ ತಾಮ್ರವನ್ನು ಕೂರಿಸುತ್ತದೆ. ಅದರ ಧೂಳು ತೇವದೊಡನೆ ಸೇರಿದರೆ ಸೆಲ್ಲಿನ ಗೂಡಿನ ಕಬ್ಬಿಣದ ಸ್ಪ್ರಿಂಗಿಗೂ ಅದೇ ಗತಿ.

5. ಧೂಳು: ಕಣದ ಹೊಟ್ಟು, ಒಲೆಯ ಹೊಗೆಯ ಜಿಡ್ಡು, ಇರುವೆ ಮತ್ತು ಜಿರಲೆಗಳು.

ಚಿಕಿತ್ಸೆಗೆ ಮುನ್ನ ಲಕ್ಷಣ ನೋಡಿ

ಎಲೆ ಹಳದಿಯಾದ ಮಾತ್ರಕ್ಕೆ ಯಾವುದೋ ಔಷಧಿ ಸಿಂಪಡಿಸುವುದು ತಪ್ಪು. ಸಾರಜನಕದ ಕೊರತೆಯೋ, ನೀರು ನಿಂತದ್ದೋ, ರೋಗವೋ ಎಂದು ಮೊದಲು ನೋಡಬೇಕು. ರೇಡಿಯೋ ವಿಷಯದಲ್ಲಿಯೂ ಅದೇ ನಿಯಮ. ಕೆಳಗಿನ ಲಕ್ಷಣಗಳನ್ನು ಗಮನಿಸಿ:

1. ವಾಲ್ಯೂಂ ಗುಂಡಿಯನ್ನು ತಿರುಗಿಸುವಾಗ ಮಾತ್ರ ಕರಕರ; ಬಿಟ್ಟರೆ ಧ್ವನಿ ಸ್ವಚ್ಛ. ಪಟ್ಟಿಯ ಮೇಲೆ ಕೊಳೆ ಇದೆ. ಶುಚಿ ಮಾಡಿದರೆ ಸರಿಹೋಗುತ್ತದೆ.

2. ಗುಂಡಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಧ್ವನಿ ಕಡಿಯುತ್ತದೆ. ಅಲ್ಲಿ ಇಂಗಾಲ ಸವೆದಿದೆ. ಶುಚಿ ಮಾಡಿದರೆ ತಾತ್ಕಾಲಿಕ ಗುಣ ಸಿಗಬಹುದು. ಕೊನೆಗೆ ಆ ಭಾಗವನ್ನೇ ಬದಲಾಯಿಸಬೇಕು.

3. ಚೆನ್ನಾಗಿ ಶುಚಿ ಮಾಡಿದರೂ ಗುಂಡಿಯ ಸುತ್ತಿನುದ್ದಕ್ಕೂ ಅದೇ ಸದ್ದು. ಒಳಗಿನ ಕಂಡೆನ್ಸರ್ ಸೋರಿ ವಿದ್ಯುತ್ತು ಹರಿಯಬಾರದ ಕಡೆಗೆ ಹರಿಯುತ್ತಿರಬಹುದು. ಇದು ರಿಪೇರಿಯವರ ಕೆಲಸ.

4. ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದರೆ ಧ್ವನಿ ಹೋಗಿ ಬರುತ್ತದೆ. ಸೆಲ್ಲಿನ ಗೂಡಿನ ಸಂಪರ್ಕವನ್ನು ಮೊದಲು ನೋಡಿ. ಅದು ಶುಚಿಯಾಗಿದ್ದರೆ ಒಳಗೆ ಬೆಸುಗೆ ಬಿಟ್ಟಿರಬಹುದು.

5. ಇಯರ್‌ಫೋನಿನಲ್ಲಿ ಕೇಳುತ್ತದೆ, ಸ್ಪೀಕರಿನಲ್ಲಿ ಕೇಳುವುದಿಲ್ಲ. ಸ್ಪೀಕರ್ ಸುಟ್ಟಿತೆಂದು ತಿಳಿಯಬೇಡಿ. ಅನೇಕ ಸೆಟ್ಟುಗಳಲ್ಲಿ ಇಯರ್‌ಫೋನ್ ಚುಚ್ಚುವ ತೂತಿನೊಳಗೆ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಪಿನ್ನು ಒಳಹೋದಾಗ ಅದು ಸ್ಪೀಕರನ್ನು ತಪ್ಪಿಸುತ್ತದೆ. ಪಿನ್ನು ತೆಗೆದಾಗ ಮತ್ತೆ ಕೂಡಬೇಕು. ಕಿಲುಬು ಹಿಡಿದರೆ ಕೂಡುವುದಿಲ್ಲ.

6. ಸೆಕೆಂಡಿಗೊಂದರಂತೆ ಟಿಕ್ ಟಿಕ್ ಎನ್ನುತ್ತದೆ. ಇದು ರೇಡಿಯೋದ ದೋಷವಲ್ಲ; ಹತ್ತಿರದ ಸೋಲಾರ್ ಬೇಲಿಯ ತಂತಿಗೆ ಹುಲ್ಲು, ಬಳ್ಳಿ ತಾಗಿ ಕಿಡಿ ಹಾರುತ್ತಿರಬಹುದು. ಮೀಡಿಯಂ ವೇವಿಗೆ ಇಟ್ಟ ಸಣ್ಣ ರೇಡಿಯೋ ಹಿಡಿದು ಬೇಲಿಯುದ್ದಕ್ಕೂ ನಡೆದರೆ ಸದ್ದು ಜೋರಾಗುವ ಕಡೆ ಬೇಲಿಯ ದೋಷವೂ ಪತ್ತೆಯಾಗುತ್ತದೆ. ಬೇಲಿಯನ್ನು ಮಾತ್ರ ಮುಟ್ಟಬೇಡಿ.

7. ಗುಂಡಿ ಮುಟ್ಟಲಿ ಬಿಡಲಿ ಒಂದೇ ಸಮನೆ ಗರಗರ. ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರು, ಮೋಟಾರು ಇವುಗಳನ್ನು ಒಂದೊಂದಾಗಿ ಆರಿಸಿ ನೋಡಿ. ಸೆಲ್ಲಿನ ಮೇಲೆ ನಡೆಸುತ್ತ ಸೆಟ್ಟನ್ನು ಅಂಗಳಕ್ಕೆ ಒಯ್ದಾಗ ಸದ್ದು ಕಡಿಮೆಯಾದರೆ ಕಾರಣ ಹೊರಗಿನದು.

ಬೇಕಾಗುವ ಸಾಮಗ್ರಿಗಳು

1. ಐಸೋಪ್ರೊಪೈಲ್ ಆಲ್ಕೊಹಾಲ್: ಶೇಕಡ 99ರಷ್ಟು ಶುದ್ಧವಾದದ್ದು ಉತ್ತಮ. ರೇಡಿಯೋ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ‘ಐ.ಪಿ.ಎ.’ ಎಂದು ಕೇಳಿ. ಅದು ಕೊಳೆಯನ್ನು ಕರಗಿಸಿ, ಹಿಂದೆ ಏನನ್ನೂ ಉಳಿಸದೆ ಆರಿಹೋಗುತ್ತದೆ.

2. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ: ಇದರಲ್ಲಿ ಎರಡು ಬಗೆ. ಒಂದು ಪೂರ್ತಿ ಆರಿಹೋಗುವಂಥದು. ಇದು ಪಿನ್ನು, ಸಾಕೆಟ್ಟುಗಳಿಗೆ ತಕ್ಕದ್ದು. ಇನ್ನೊಂದು ತೆಳುವಾದ ಜಾರುಪೊರೆಯನ್ನು ಉಳಿಸುವಂಥದು. ಇದು ವಾಲ್ಯೂಂ ಗುಂಡಿ ಮತ್ತು ಜಾರುವ ಸ್ವಿಚ್ಚುಗಳಿಗೆ ಒಳ್ಳೆಯದು. ಕೊಳ್ಳುವಾಗ ಡಬ್ಬಿಯ ಮೇಲೆ ಗುಂಡಿಗಳಿಗೆ ಹಾಗೂ ಪ್ಲಾಸ್ಟಿಕ್ಕಿಗೆ ಬಳಸಬಹುದೆಂದು ನಮೂದಿಸಿದೆಯೇ ನೋಡಿಕೊಳ್ಳಬೇಕು.

3. ಮೃದುವಾದ ಬಣ್ಣದ ಕುಂಚ, ಹಳೆಯ ಹಲ್ಲುಜ್ಜುವ ಬ್ರಷ್ಷು, ಕಿವಿಗೆ ಬಳಸುವ ಹತ್ತಿಯ ಕಡ್ಡಿ, ಎಳೆ ಬಿಡದ ಹಳೆಯ ಹತ್ತಿ ಬಟ್ಟೆ, ಪೆನ್ಸಿಲ್ ಅಳಿಸುವ ರಬ್ಬರು.

4. ಅಡುಗೆ ಸೋಡ, ನಿಂಬೆಹಣ್ಣು ಅಥವಾ ವಿನಿಗರ್ (ಸೋರಿದ ಸೆಲ್ಲಿನ ಗೂಡಿಗೆ ಮಾತ್ರ).

5. ರಬ್ಬರ್ ಕೈಗವಸು.

ಮೊದಲು ಪಾಲಿಸಬೇಕಾದ ಎಚ್ಚರಿಕೆಗಳು

ಸೆಲ್ಲಿನಿಂದ ನಡೆಯುವ ಸೆಟ್ಟಾದರೆ ಸೆಲ್ಲುಗಳನ್ನು ತೆಗೆಯಿರಿ. ಕರೆಂಟಿನಿಂದಲೂ ನಡೆಯುವಂಥದಾದರೆ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು.

ವಾಲ್ವಿನ ಹಳೆಯ ರೇಡಿಯೋ ಮತ್ತು ಆಂಪ್ಲಿಫೈಯರ್‌ಗಳ ಮುಚ್ಚಳವನ್ನು ತೆರೆಯಕೂಡದು. ಅವುಗಳೊಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಉಳಿದಿದ್ದು ಪ್ರಾಣಕ್ಕೆ ಅಪಾಯ ತರಬಲ್ಲದು. ಹಳೆಯ ಕೆಲವು ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಕರೆಂಟಿಗೆ ಸೇರಿರುತ್ತದೆ. ಅಂಥವನ್ನು ಬಲ್ಲವರ ಕೈಗೇ ಕೊಡಬೇಕು.

ಐಸೋಪ್ರೊಪೈಲ್ ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ಒಲೆ, ದೀಪ, ಬೀಡಿಯಿಂದ ದೂರದಲ್ಲಿ, ಗಾಳಿಯಾಡುವ ಜಗಲಿಯಲ್ಲಿ ಕೆಲಸ ಮಾಡಿ. ಮಕ್ಕಳ ಕೈಗೆ ಸಿಗದಂತೆ ಇಡಿ.

ಶುಚಿ ಮಾಡುವ ಕ್ರಮ

(ಅ) ಸೆಲ್ಲಿನ ಗೂಡು: ಮೊದಲ ಪರೀಕ್ಷೆ ಇಲ್ಲಿಯೇ ನಡೆಯಲಿ. ತಗಡುಗಳು ಬರೀ ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಕುಂಚದಿಂದ ತೆಗೆದು, ಐ.ಪಿ.ಎ. ತಾಗಿಸಿದ ಹತ್ತಿಯಿಂದ ಒರೆಸಿದರೆ ಸಾಕು.

ಸೆಲ್ಲು ಸೋರಿದ್ದರೆ ಕ್ರಮ ಬೇರೆ. ಕೈಗವಸು ಹಾಕಿಕೊಂಡು ಸೆಲ್ಲು ತೆಗೆಯಿರಿ. ಸೋರಿದ್ದು ಯಾವ ಬಗೆಯ ಸೆಲ್ಲೆಂದು ಅದರ ಮೇಲಿನ ಬರಹದಿಂದ ತಿಳಿಯಿರಿ. ಟಾರ್ಚಿಗೂ ರೇಡಿಯೋಗೂ ಬಳಸುವ ಸಾಮಾನ್ಯ ಸತು-ಇಂಗಾಲದ ಸೆಲ್ಲಿನಿಂದ ಸೋರುವುದು ಆಮ್ಲ ಗುಣದ ದ್ರವ. ‘ಆಲ್ಕಲೈನ್’ ಎಂದು ಬರೆದ ಸೆಲ್ಲಿನಿಂದ ಸೋರುವುದು ಕ್ಷಾರ. ಅದು ಒಣಗಿ ಬಿಳಿಯ ಹರಳಿನಂತೆ ಕಟ್ಟುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕಿ ಸರಿಪಡಿಸುವಂತೆ ಇಲ್ಲಿಯೂ ಎದುರು ಗುಣದ ವಸ್ತುವೇ ಮದ್ದು. ಆಮ್ಲಕ್ಕೆ, ಸಣ್ಣ ಬಟ್ಟಲು ನೀರಿಗೆ ಒಂದು ಚಮಚ ಅಡುಗೆ ಸೋಡ ಕರಗಿಸಿ ಬಳಸಿ. ಕ್ಷಾರಕ್ಕೆ, ನಿಂಬೆರಸ ಅಥವಾ ವಿನಿಗರ್ ಬಳಸಿ.

ಮೊದಲು ಒಣ ಬ್ರಷ್ಷಿನಿಂದ ಕಟ್ಟಿದ ಪುಡಿಯನ್ನು ಉದುರಿಸಿ. ಅನಂತರ ಹತ್ತಿಯ ಕಡ್ಡಿಯನ್ನು ತಕ್ಕ ದ್ರವದಲ್ಲಿ ಅದ್ದಿ, ಹಿಂಡಿ, ತಗಡಿಗೆ ಮಾತ್ರ ಸವರಿ. ಗೂಡಿನೊಳಕ್ಕೆ ದ್ರವ ಸುರಿಯಬೇಡಿ. ಆಮೇಲೆ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಸಲ, ಕೊನೆಗೆ ಐ.ಪಿ.ಎ.ಯಿಂದ ಒಂದು ಸಲ ಒರೆಸಿ ಪೂರ್ತಿ ಒಣಗಿಸಿ. ಸೋರಿದ ದ್ರವ ಕಣ್ಣಿಗೆ ಬಿದ್ದರೆ ಕೂಡಲೆ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

(ಆ) ವಾಲ್ಯೂಂ ಗುಂಡಿ: ಎಷ್ಟೋ ಸಲ ದ್ರವದ ಅಗತ್ಯವೇ ಬೀಳುವುದಿಲ್ಲ. ಸೆಟ್ಟನ್ನು ಆರಿಸಿ ಗುಂಡಿಯನ್ನು ಈ ಕೊನೆಯಿಂದ ಆ ಕೊನೆಗೆ 30 ಸಲ ತಿರುಗಿಸಿ ಕೇಳಿ ನೋಡಿ. ಸದ್ದು ಉಳಿದಿದ್ದರೆ ಸ್ಕ್ರೂ ಬಿಚ್ಚಿ ಹಿಂಬದಿಯ ಮುಚ್ಚಳ ತೆಗೆಯಿರಿ. ಸ್ಪೀಕರಿನ ತಂತಿಗಳು ಮುಚ್ಚಳಕ್ಕೆ ಸೇರಿದ್ದರೆ ಜಗ್ಗಿ ಕಡಿಯದಂತೆ ನೋಡಿಕೊಳ್ಳಿ. ಒಣ ಕುಂಚದಿಂದ ಧೂಳು ತೆಗೆಯಿರಿ. ಗುಂಡಿಯ ಹಿಂದಿನ ಡಬ್ಬಿಯಲ್ಲಿ, ತಂತಿ ಬೆಸೆದ ಕಾಲುಗಳ ಬಳಿ ಒಂದು ಸಂದು ಕಾಣುತ್ತದೆ. ಕ್ಲೀನರ್ ಡಬ್ಬಿಯ ತೆಳುವಾದ ಕೊಳವೆಯನ್ನು ಅಲ್ಲಿಗೆ ಹಿಡಿದು ಒಂದೆರಡು ಹನಿಯಷ್ಟು ಮಾತ್ರ ಬಿಡಿ. ಕೂಡಲೆ ಗುಂಡಿಯನ್ನು 20–30 ಸಲ ತಿರುಗಿಸಿ. ಕರಗಿದ ಕೊಳೆಯನ್ನು ನಾಲಿಗೆಯೇ ಪಕ್ಕಕ್ಕೆ ತಳ್ಳುತ್ತದೆ. ಒಂದು ಗಂಟೆ ಆರಲು ಬಿಟ್ಟು ಆಮೇಲೆ ಸೆಲ್ಲು ಹಾಕಿ.

ಅತಿಯಾದರೆ ಅಮೃತವೂ ವಿಷ. ಧಾರೆಯಾಗಿ ಸುರಿದರೆ ತಿರುಗುವ ಭಾಗದ ಗ್ರೀಸು ತೊಳೆದುಹೋಗಿ ಗುಂಡಿ ಸಡಿಲವಾಗುತ್ತದೆ. ಕೊಳೆಯೂ ಬೇರೆ ಭಾಗಗಳಿಗೆ ಹರಿಯುತ್ತದೆ. ಹೊಸ ಸೆಟ್ಟುಗಳಲ್ಲಿ ಗುಂಡಿಗೆ ಬದಲು ಒತ್ತುವ ಬಟನ್ನುಗಳಿದ್ದರೆ ಅಲ್ಲಿ ಈ ಇಂಗಾಲದ ಪಟ್ಟಿ ಇರುವುದಿಲ್ಲ; ಈ ಕ್ರಮ ಅವುಗಳಿಗೆ ಅನ್ವಯಿಸುವುದಿಲ್ಲ.

(ಇ) ಬ್ಯಾಂಡ್ ಸ್ವಿಚ್ಚು: ಮೀಡಿಯಂ ವೇವ್, ಎಫ್.ಎಂ. ಬದಲಾಯಿಸುವ ಸ್ವಿಚ್ಚನ್ನು ವರ್ಷಗಟ್ಟಲೆ ಒಂದೇ ಕಡೆ ಬಿಟ್ಟಿರುತ್ತೇವೆ. ಬಳಸದ ಕಡೆ ಕಿಲುಬು ಹಿಡಿಯುತ್ತದೆ. ಒಂದು ಹನಿ ಕ್ಲೀನರ್ ಬಿಟ್ಟು ಅತ್ತಿತ್ತ 20 ಸಲ ಸರಿಸಿದರೆ ತಗಡುಗಳು ಉಜ್ಜಿಕೊಂಡು ತಾವೇ ಶುಚಿಯಾಗುತ್ತವೆ.

(ಈ) ಇಯರ್‌ಫೋನ್ ತೂತು: ಪಿನ್ನನ್ನು ಐ.ಪಿ.ಎ.ಯಿಂದ ಒರೆಸಿ, ಇನ್ನೂ ತುಸು ಹಸಿಯಿರುವಾಗ 10–15 ಸಲ ಚುಚ್ಚಿ ತೆಗೆಯಿರಿ. ಸ್ಪೀಕರ್ ಮಾತನಾಡುವ ಸಂಭವ ಹೆಚ್ಚು. ಸೂಜಿ, ಮೊಳೆ ತೂರಿಸಿ ಕೆದಕುವುದು ಕೂಡದು. ಒಳಗಿನ ತೆಳು ತಗಡು ಬಾಗಿದರೆ ಮತ್ತೆ ಕೂಡುವುದಿಲ್ಲ.

(ಉ) ಎಫ್.ಎಂ. ಆಂಟೆನಾ: ಎಳೆದು ಉದ್ದ ಮಾಡುವ ಕಡ್ಡಿಯ ಒಂದೊಂದು ಗೆಣ್ಣನ್ನೂ ಐ.ಪಿ.ಎ. ಬಟ್ಟೆಯಿಂದ ಒರೆಸಿ ನಾಲ್ಕಾರು ಸಲ ಎಳೆದು ಒತ್ತಿ. ಬುಡದ ಸ್ಕ್ರೂ ಸಡಿಲವಿದ್ದರೆ ಬಿಗಿ ಮಾಡಿ.

(ಊ) ನಿಲ್ದಾಣ ಹುಡುಕುವ ಭಾಗ: ಹಳೆಯ ಸೆಟ್ಟುಗಳಲ್ಲಿ ಇಲ್ಲಿ ಒಂದರೊಳಗೊಂದು ತೂರುವ ತೆಳು ತಗಡುಗಳಿರುತ್ತವೆ. ಇವನ್ನು ಒಣ ಕುಂಚದಿಂದ ಹಗುರವಾಗಿ ಗುಡಿಸುವುದಷ್ಟೇ. ಎಣ್ಣೆ ಬಿಡುವುದಾಗಲಿ ಬಗ್ಗಿಸುವುದಾಗಲಿ ಮಾಡಿದರೆ ನಿಲ್ದಾಣಗಳು ತಪ್ಪಿಹೋಗುತ್ತವೆ. ಮುಂಭಾಗದ ಅಂಕಿಗಳ ಮೇಲೆ ಐ.ಪಿ.ಎ. ಸವರಬೇಡಿ, ಅಚ್ಚು ಅಳಿಸಿಹೋಗಬಹುದು.

ಊರಿನ ಮೈಕ್ ಸೆಟ್ಟು

ಹಾಲಿನ ಸೊಸೈಟಿ, ಪಂಚಾಯಿತಿ, ದೇವಸ್ಥಾನಗಳ ಮೈಕ್ ಸೆಟ್ಟಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಜಾನುವಾರುಗಳಿಗೆ ಲಸಿಕೆ ಹಾಕುವ ದಿನ, ಕಾಲುವೆಗೆ ನೀರು ಬಿಡುವ ದಿನ ಊರಿಗೆ ಸಾರುವುದು ಇದೇ ತಾನೆ? ಆ ಹೊತ್ತಿಗೆ ಮೈಕು ಗರ್ ಎಂದರೆ ನಷ್ಟ ಇಡೀ ಊರಿಗೆ.

ಮೈಕಿನ ಪಿನ್ನನ್ನು ತಿಂಗಳಿಗೊಮ್ಮೆ ಐ.ಪಿ.ಎ. ಬಟ್ಟೆಯಿಂದ ಒರೆಸಿ. ತಂತಿಯನ್ನು ಸ್ಕ್ರೂ ಕೆಳಗೆ ಸಿಕ್ಕಿಸಿರುವ ಕಡೆ ತಾಮ್ರದ ಎಳೆಗಳು ಕಪ್ಪಾಗಿದ್ದರೆ ಆ ತುಂಡನ್ನೇ ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಹೊಸೆದು ಬಿಗಿ ಮಾಡಿ. ಈ ಕೆಲಸಗಳನ್ನೆಲ್ಲ ಆಂಪ್ಲಿಫೈಯರ್ ಆರಿಸಿ ಪ್ಲಗ್ಗು ಕಿತ್ತ ಮೇಲೆಯೇ ಮಾಡಬೇಕು. ದೂರದ ಹಾರ್ನುಗಳಿಗೆ ಹೋಗುವ ತಂತಿಯಲ್ಲಿ 100 ವೋಲ್ಟಿನವರೆಗೂ ಇರುವುದುಂಟು. ಸೆಟ್ಟು ಮಾತನಾಡುತ್ತಿರುವಾಗ ಮುಟ್ಟಿದರೆ ಹೊಡೆಯುತ್ತದೆ.

12 ವೋಲ್ಟ್ ಬ್ಯಾಟರಿಯ ಕಂಬಗಳಿಗೆ ಟ್ರಾಕ್ಟರಿನ ಬ್ಯಾಟರಿಗೆ ಮಾಡುವ ಉಪಚಾರವೇ ಸಾಕು. ಮೊದಲು ನೆಗೆಟಿವ್ ಕ್ಲಿಪ್ಪು ಬಿಚ್ಚಿ, ಬ್ಯಾಟರಿಯ ಬಿರಡೆಗಳು ಮುಚ್ಚಿವೆಯೆಂದು ನೋಡಿಕೊಂಡು, ಬೆಚ್ಚನೆಯ ಸೋಡಾ ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನನ್ನು ತೆಳುವಾಗಿ ಸವರಿ. ಹತ್ತಿರ ಬೆಂಕಿ ಇರಕೂಡದು. ಬ್ಯಾಟರಿಯಿಂದ ಹೊರಡುವ ಜಲಜನಕ ಸ್ಫೋಟಿಸಬಲ್ಲದು.

ಬಳಸಬಾರದ ವಸ್ತುಗಳು

1. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್: ಬೆಂಕಿಯ ಭಯ ಒಂದು ಕಡೆ, ಪ್ಲಾಸ್ಟಿಕ್ಕನ್ನು ಕೆಡಿಸುವುದು ಇನ್ನೊಂದು ಕಡೆ. ಸೀಮೆಎಣ್ಣೆ ಜಿಡ್ಡನ್ನೂ ಉಳಿಸುತ್ತದೆ.

2. ಕೊಬ್ಬರಿ ಎಣ್ಣೆ, ಯಂತ್ರದ ಎಣ್ಣೆ: ಮೊದಲ ದಿನ ಗುಣ ಕಂಡಂತೆ ತೋರುತ್ತದೆ. ಆಮೇಲೆ ಧೂಳನ್ನು ಹಿಡಿದು ಅಂಟಿನಂತಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಇಂಗಾಲದ ಪಟ್ಟಿಗೆ ತಕ್ಕವಲ್ಲ.

3. ಉಪ್ಪುಕಾಗದ, ಅರ, ಬ್ಲೇಡು: ಕಿಲುಬಿನ ಜೊತೆಗೆ ಬೆಳ್ಳಿ ಅಥವಾ ನಿಕಲ್ ಲೇಪವೂ ಹೋಗುತ್ತದೆ. ಒಳಗಿನ ಕಬ್ಬಿಣ ಹೊರಬಿದ್ದರೆ ಮುಂದಿನ ಮಳೆಗಾಲಕ್ಕೆ ತುಕ್ಕು ಖಂಡಿತ.

4. ಹುಣಸೆಹಣ್ಣು: ಹಿತ್ತಾಳೆ ಚೊಂಬಿಗೆ ಇದು ಸರಿ, ಏಕೆಂದರೆ ಚೊಂಬನ್ನು ಆಮೇಲೆ ನೀರಿನಲ್ಲಿ ತೊಳೆಯುತ್ತೇವೆ. ರೇಡಿಯೋವನ್ನು ತೊಳೆಯಲಾಗದು. ಉಳಿದ ಹುಳಿ ಲೋಹವನ್ನು ತಿನ್ನುತ್ತಲೇ ಇರುತ್ತದೆ.

5. ಕೈಗೆ ಹಚ್ಚುವ ಸ್ಯಾನಿಟೈಸರ್: ಇದರಲ್ಲಿ ಆಲ್ಕೊಹಾಲ್ ಇದ್ದರೂ ನೀರು ಮತ್ತು ಗ್ಲಿಸರಿನ್ ಬೆರೆತಿರುವುದರಿಂದ ಅಂಟು ಉಳಿಯುತ್ತದೆ.

6. ಕಾರ್ಬನ್ ಟೆಟ್ರಾಕ್ಲೋರೈಡ್: ಹಳೆಯ ರೇಡಿಯೋ ಪುಸ್ತಕಗಳಲ್ಲಿ ಇದನ್ನು ಬಳಸಲು ಹೇಳಿರುತ್ತದೆ. ಇದು ಯಕೃತ್ತು ಮತ್ತು ಮೂತ್ರಪಿಂಡಗಳಿಗೆ ವಿಷ. ವಾತಾವರಣದ ಓಜೋನ್ ಪದರಕ್ಕೂ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಚೌಕಟ್ಟಿನಲ್ಲಿ ಇಂಥ ಬಳಕೆಗಳನ್ನು ನಿಲ್ಲಿಸಲಾಗಿದೆ. ಹಳೆಯ ಸೀಸೆ ಉಳಿದಿದ್ದರೆ ಮುಟ್ಟಬೇಡಿ.

ಎಲ್ಲಿ ನಿಲ್ಲಿಸಬೇಕು?

ಎರಡು ಸಲ ಶುಚಿ ಮಾಡಿದರೂ ಸದ್ದು ಹೋಗದಿದ್ದರೆ ಮೂರನೆಯ ಸಲ ಪ್ರಯತ್ನಿಸುವುದು ವ್ಯರ್ಥ. ಔಷಧಿಗೆ ಬಗ್ಗದ ರೋಗಕ್ಕೆ ಅದೇ ಔಷಧಿಯನ್ನು ಇಮ್ಮಡಿ ಸಿಂಪಡಿಸಿ ಪ್ರಯೋಜನವಿಲ್ಲ, ರೋಗನಿರ್ಣಯವೇ ತಪ್ಪಿರಬಹುದು. ಸುಟ್ಟ ವಾಸನೆ, ಉಬ್ಬಿದ ಕಂಡೆನ್ಸರು, ಕಡಿದ ತಂತಿ ಕಂಡರೂ ಅಲ್ಲಿಗೆ ನಿಲ್ಲಿಸಿ. ರಿಪೇರಿಯವರಲ್ಲಿಗೆ ಹೋದಾಗ ‘ಕೆಟ್ಟಿದೆ’ ಎಂದಷ್ಟೇ ಹೇಳದೆ ಮೇಲಿನ ಲಕ್ಷಣಗಳಲ್ಲಿ ಯಾವುದು ಕಂಡಿತು, ಏನು ಮಾಡಿದಿರಿ ಎಂಬುದನ್ನು ತಿಳಿಸಿ. ಅವರ ಹೊತ್ತೂ ನಿಮ್ಮ ಹಣವೂ ಉಳಿಯುತ್ತದೆ.

ಬಾರದಂತೆ ತಡೆಯುವುದು

1. ರೇಡಿಯೋವನ್ನು ಕೊಟ್ಟಿಗೆಯ ಗೋಡೆ, ಗೊಬ್ಬರ-ಔಷಧಿ ಇಡುವ ಕೋಣೆ ಮತ್ತು ಒಲೆಯಿಂದ ದೂರವಿಡಿ. ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ಕಳೆದಂತೆ.

2. ವಾರಕ್ಕೊಮ್ಮೆ ಎಲ್ಲ ಗುಂಡಿ, ಸ್ವಿಚ್ಚುಗಳನ್ನು ಕೊನೆಯಿಂದ ಕೊನೆಗೆ ನಾಲ್ಕಾರು ಸಲ ಆಡಿಸಿ. ನಿತ್ಯ ಉಳುವ ನೇಗಿಲ ಗುಳಕ್ಕೆ ತುಕ್ಕು ಹಿಡಿಯುವುದಿಲ್ಲ.

3. ಹಳೆಯ ಸೆಲ್ಲಿನೊಡನೆ ಹೊಸದನ್ನು, ಒಂದು ಬಗೆಯೊಡನೆ ಇನ್ನೊಂದನ್ನು ಬೆರೆಸಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲುಗಳನ್ನು ತೆಗೆದಿಡಿ.

4. ಹೊದಿಕೆಯಾಗಿ ಹತ್ತಿ ಬಟ್ಟೆ ಬಳಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ.

5. ಔಷಧಿ ಸಿಂಪಡಿಸಿದ ಅಥವಾ ಗೊಬ್ಬರ ಎರಚಿದ ಕೈಯಿಂದ ಗುಂಡಿ ಮುಟ್ಟಬೇಡಿ. ಕೈ ತೊಳೆಯುವುದು ನಿಮ್ಮ ಆರೋಗ್ಯಕ್ಕೂ ಒಳ್ಳೆಯದು, ರೇಡಿಯೋಗೂ ಒಳ್ಳೆಯದು.

ರೈತ ಬಾಂಧವರೇ, ಮುಂಗಾರಿಗೆ ಮುನ್ನ ಕೂರಿಗೆ ಸರಿಮಾಡುತ್ತೀರಿ, ಸಿಂಪರಣೆ ಯಂತ್ರದ ನಾಜಲ್ ತೊಳೆಯುತ್ತೀರಿ. ರೋಹಿಣಿ ಮಳೆಯ ಹೊತ್ತಿಗೆ ಒಮ್ಮೆ, ಹಿಂಗಾರಿನ ಬಿತ್ತನೆಗೆ ಮುನ್ನ ಇನ್ನೊಮ್ಮೆ ಅರ್ಧ ಗಂಟೆಯನ್ನು ರೇಡಿಯೋಗೂ ಕೊಡಿ. ಅದೂ ಬೇಸಾಯದ ಸಲಕರಣೆಗಳಲ್ಲಿ ಒಂದು. ಅಟ್ಟದ ಮೇಲಿರುವ ಪೆಟ್ಟಿಗೆಯನ್ನು ಈ ವಾರವೇ ಇಳಿಸಿ, ಮೊದಲು ಸೆಲ್ಲಿನ ಗೂಡನ್ನು ನೋಡಿ.